ಹಳೆಯ ಜೀಪಿನ ಗೇರ್‌ಬಾಕ್ಸನ್ನು ಗುರುತಿಸುವುದು ಹೇಗೆ?

ಕೊಲ್ಲೂರಿನ ಕಡೆಯಿಂದ ಕೊಡಚಾದ್ರಿಗೆ ಜೀಪಿನಲ್ಲಿ ಹತ್ತಿ ಇಳಿದಿದ್ದೀರಾ? ಹತ್ತುವಾಗ ನಮ್ಮ ಕಿವಿಯೆಲ್ಲ ಇಂಜಿನ್ನಿನ ಆರ್ಭಟದ ಕಡೆಗೆ. ಇಳಿಯುವಾಗ ಚಾಲಕನನ್ನು ಗಮನಿಸಿ. ಬ್ರೇಕಿಗಿಂತ ಹೆಚ್ಚಾಗಿ ಆತ ಗೇರನ್ನು ನಂಬಿರುತ್ತಾನೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತುತ್ತ ಬಂದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಆದುದರಿಂದ ಗಾಡಿಯನ್ನು ತಡೆದು ಹಿಡಿಯಬೇಕಾದದ್ದು ಕೆಳಗಿನ ಗೇರು.

ತೋಟದ ಕೆಲಸಕ್ಕೋ ಹವ್ಯಾಸಕ್ಕೋ ಹಳೆಯ ಜೀಪನ್ನು ಕೊಳ್ಳಲು ಹೊರಟವರು ಇಂಜಿನ್, ಟೈರು, ತುಕ್ಕು, ಎಲ್ಲವನ್ನೂ ನೋಡುತ್ತಾರೆ. ಒಳಗಿರುವ ಗೇರ್‌ಬಾಕ್ಸು ಯಾವುದೆಂದು ಕೇಳುವವರು ಕಡಿಮೆ. ಆರ್.ಸಿ. ಪುಸ್ತಕದಲ್ಲಿ ಚಾಸಿ ಸಂಖ್ಯೆ, ಇಂಜಿನ್ ಸಂಖ್ಯೆ ಇರುತ್ತವೆಯೇ ಹೊರತು ಗೇರ್‌ಬಾಕ್ಸಿನ ಜಾತಿ ಇರುವುದಿಲ್ಲ. ಮೂವತ್ತು ನಲವತ್ತು ವರ್ಷ ಓಡಿದ ಗಾಡಿಯಲ್ಲಿ ಮೊದಲಿನದನ್ನು ತೆಗೆದು ಬೇರೊಂದನ್ನು ಕೂರಿಸಿರಲೂಬಹುದು. ಹೀಗಿರುವಾಗ ಬಾನೆಟ್ಟಿನ ಮೇಲಿನ ಹೆಸರನ್ನು ನಂಬಿ ಕೂರುವಂತಿಲ್ಲ. ನೀವೇ ಎಣಿಸಿ, ನೋಡಿ, ಕೇಳಿ ತಿಳಿಯಬೇಕು. ಇದು ಕಷ್ಟದ ಕೆಲಸವೇನಲ್ಲ.

ಮೊದಲು ಕೋಲುಗಳನ್ನು ಎಣಿಸಿ

ನಮ್ಮಲ್ಲಿ ಸಿಗುವ ಹಳೆಯ ಜೀಪುಗಳ ಮೂಲ ಎರಡನೆಯ ಮಹಾಯುದ್ಧದ ಕಾಲದ ವಿಲ್ಲೀಸ್ ಎಂಬಿ. 1941ರಿಂದ 1945ರವರೆಗೆ ತಯಾರಾದ ಈ ಗಾಡಿಯಲ್ಲಿ ಟಿ-84 ಎಂಬ ಮೂರು ಗೇರಿನ ಪೆಟ್ಟಿಗೆ ಇತ್ತು. ಯುದ್ಧ ಮುಗಿದ ಮೇಲೆ ಜನಸಾಮಾನ್ಯರಿಗಾಗಿ ಬಂದ ಸಿಜೆ-2ಎ ಜೀಪಿಗೆ ಅದಕ್ಕಿಂತ ಗಟ್ಟಿಯಾದ ಟಿ-90 ಬಂತು. ಇದಕ್ಕೂ ಮೂರೇ ಗೇರು. 1953ರಲ್ಲಿ ಎತ್ತರದ ಬಾನೆಟ್ಟಿನ ಸಿಜೆ-3ಬಿ ಬಂತು. ಮಹೀಂದ್ರ ಕಂಪೆನಿ ಭಾರತದಲ್ಲಿ ದಶಕಗಳ ಕಾಲ ತಯಾರಿಸಿದ್ದು ಈ ಆಕಾರದ ಜೀಪನ್ನೇ.

ಈ ವಂಶದ ಹಳೆಯ ಗಾಡಿಗಳಲ್ಲಿ ಸಾಮಾನ್ಯವಾಗಿ ನೆಲದಿಂದ ಮೂರು ಕೋಲುಗಳು ಎದ್ದಿರುತ್ತವೆ. ಉದ್ದನೆಯದು ಗೇರಿನದು. ಉಳಿದ ಎರಡು ಗಿಡ್ಡ ಕೋಲುಗಳು ಟ್ರಾನ್ಸ್‌ಫರ್ ಕೇಸಿನವು, ಅಂದರೆ ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಗಾಲಿಗಳಿಗೆ ಹಂಚುವ ಪೆಟ್ಟಿಗೆಯವು. ಒಂದು ಕೋಲು ಮುಂದಿನ ಗಾಲಿಗಳನ್ನು ಜೋಡಿಸುತ್ತದೆ. ಇನ್ನೊಂದು ‘ಹೈ’ ಮತ್ತು ‘ಲೋ’ಗಳನ್ನು ಬದಲಿಸುತ್ತದೆ.

1985ರಲ್ಲಿ ಬಂದ ಮಾರುತಿ ಜಿಪ್ಸಿಯ ರಚನೆ ಬೇರೆ. ಅದರಲ್ಲಿ ಗೇರಿನ ಕೋಲಿನ ಜೊತೆಗೆ ಟ್ರಾನ್ಸ್‌ಫರ್ ಕೇಸಿಗೆ ಒಂದೇ ಕೋಲು. ಗಾಡಿಯ ಕೆಳಗೆ ಬಗ್ಗಿ ನೋಡಿದರೆ ವ್ಯತ್ಯಾಸ ಇನ್ನೂ ಸ್ಪಷ್ಟ. ವಿಲ್ಲೀಸ್ ವಂಶದಲ್ಲಿ ಟ್ರಾನ್ಸ್‌ಫರ್ ಕೇಸು ಗೇರ್‌ಬಾಕ್ಸಿನ ಬೆನ್ನಿಗೇ ಬೋಲ್ಟು ಮಾಡಿ ಅಂಟಿಕೊಂಡಿರುತ್ತದೆ. ಜಿಪ್ಸಿಯಲ್ಲಿ ಅದು ಬೇರೆಯಾಗಿ ಕೂತಿದ್ದು, ಎರಡರ ನಡುವೆ ಒಂದು ಗಿಡ್ಡ ಶಾಫ್ಟು ತಿರುಗುತ್ತಿರುತ್ತದೆ.

ಗೇರು ಬೀಳುವ ದಿಕ್ಕು

ಇಂಜಿನ್ ನಿಲ್ಲಿಸಿ, ಕ್ಲಚ್ ಒತ್ತಿ, ಕೋಲನ್ನು ಎಲ್ಲ ದಿಕ್ಕಿಗೂ ಆಡಿಸಿ ನೋಡಿ. ಮೂರು ಗೇರಿನ ಪೆಟ್ಟಿಗೆಯಾದರೆ ಎಡಕ್ಕೆ ಮುಂದೆ ರಿವರ್ಸ್, ಎಡಕ್ಕೆ ಹಿಂದೆ ಒಂದನೆಯದು, ಬಲಕ್ಕೆ ಮುಂದೆ ಎರಡನೆಯದು, ಬಲಕ್ಕೆ ಹಿಂದೆ ಮೂರನೆಯದು. ಇದನ್ನು ಚೆನ್ನಾಗಿ ನೆನಪಿಡಿ. ಕಾರು ಓಡಿಸಿ ಅಭ್ಯಾಸವಾದ ಕೈ ಒಂದನೆಯ ಗೇರೆಂದು ಎಡಕ್ಕೆ ಮುಂದೆ ತಳ್ಳುತ್ತದೆ. ಗಾಡಿ ಹಿಂದಕ್ಕೆ ಚಲಿಸುತ್ತದೆ. ಹಿಂದೆ ಕಂದಕವಿದ್ದರೆ ಆಗುವ ಅನಾಹುತವನ್ನು ಹೇಳಬೇಕಾಗಿಲ್ಲ.

ಮೊದಲಿನ ಜಿಪ್ಸಿಗೆ ನಾಲ್ಕು ಗೇರು. 1996ರ ಜಿಪ್ಸಿ ಕಿಂಗ್‌ಗೆ ಐದು. ಮಹೀಂದ್ರ ಎಂಎಂ 540 ಎಂಬ ಒಂದೇ ಹೆಸರಿನಲ್ಲಿ ನಾಲ್ಕು ಗೇರಿನ ಗಾಡಿಯೂ ಸಿಗುತ್ತದೆ, ಐದು ಗೇರಿನದೂ ಸಿಗುತ್ತದೆ. ಕೋಲಿನ ತುದಿಯ ಗುಂಡಿಯ ಮೇಲೆ ಬರೆದ ನಕ್ಷೆಯನ್ನೇ ಪ್ರಮಾಣವೆಂದು ತಿಳಿಯಬೇಡಿ. ಆ ಗುಂಡಿ ಬೇರೆ ಗಾಡಿಯದಾಗಿರಬಹುದು. ಸಂದೇಹವಿದ್ದರೆ ಪೆಟ್ಟಿಗೆಯ ಮೈಮೇಲೆ ಉಬ್ಬಿ ನಿಂತ ಎರಕದ ಅಕ್ಷರಗಳನ್ನು ಹುಡುಕಿ. ಮಣ್ಣು, ಗ್ರೀಸು ಕೆರೆದು ಒರೆಸಿದರೆ ಅವು ಕಾಣುತ್ತವೆ.

ಕರಕರ ಸದ್ದಿನ ಅರ್ಥ

ಓಡುತ್ತಿರುವ ಗಾಡಿಯಲ್ಲಿ ಗೇರು ಬದಲಿಸುವಾಗ ಬೇರೆ ಬೇರೆ ವೇಗದಲ್ಲಿ ತಿರುಗುವ ಭಾಗಗಳು ಒಂದಕ್ಕೊಂದು ಕೂಡಬೇಕು. ವೇಗ ಸಮನಾಗದೆ ಕೂಡಿಸಿದರೆ ಹಲ್ಲಿಗೆ ಹಲ್ಲು ಉಜ್ಜಿ ಕರಕರ ಎನ್ನುತ್ತದೆ. ಇದನ್ನು ತಪ್ಪಿಸಲು ಸಿಂಕ್ರೋಮೆಶ್ ಎಂಬ ಏರ್ಪಾಡಿದೆ. ಹಿತ್ತಾಳೆಯಂಥ ಮೆದು ಲೋಹದ ಉಂಗುರವೊಂದು ಮೊದಲು ಉಜ್ಜಿ ಎರಡರ ವೇಗವನ್ನೂ ಸಮ ಮಾಡುತ್ತದೆ. ಆಮೇಲೆ ಹಲ್ಲುಗಳು ಕೂಡುತ್ತವೆ.

ಟಿ-84 ಮತ್ತು ಟಿ-90ಗಳಲ್ಲಿ ಈ ಉಂಗುರ ಇರುವುದು ಎರಡನೆಯ ಮತ್ತು ಮೂರನೆಯ ಗೇರಿಗೆ ಮಾತ್ರ. ಒಂದನೆಯದಕ್ಕೆ ಇಲ್ಲ. ಜಿಪ್ಸಿಯಲ್ಲಿ ಮುಂದಕ್ಕೆ ಹೋಗುವ ಎಲ್ಲ ಗೇರುಗಳಿಗೂ ಇದೆ. ಆದುದರಿಂದ ಒಂದೇ ಸದ್ದಿಗೆ ಎರಡು ಗಾಡಿಗಳಲ್ಲಿ ಎರಡು ಅರ್ಥ. ಚಲಿಸುತ್ತಿರುವ ಟಿ-90 ಒಂದನೆಯ ಗೇರಿಗೆ ಕರಕರ ಎಂದರೆ ಅದು ಅದರ ಸ್ವಭಾವ. ಅದೇ ಪೆಟ್ಟಿಗೆ ಎರಡನೆಯ ಗೇರಿಗೆ ಹಾಗೆ ಕೂಗಿದರೆ, ಅಥವಾ ಜಿಪ್ಸಿ ಯಾವುದೇ ಮುಂದಿನ ಗೇರಿಗೆ ಕೂಗಿದರೆ, ಸವೆತವಿದೆ ಎಂದು ಅನುಮಾನಿಸಿ. ಕ್ಲಚ್ ಪೂರ್ತಿ ಬಿಡದಿದ್ದರೂ ಈ ಸದ್ದು ಬರುವುದುಂಟು. ಅದನ್ನೂ ಪರೀಕ್ಷಿಸಿ. ಇದು ತಿಳಿಯದಿದ್ದರೆ ಒಳ್ಳೆಯ ಗಾಡಿಯನ್ನು ಬಿಟ್ಟು ಬರುತ್ತೀರಿ, ಇಲ್ಲವೇ ಕೆಟ್ಟದ್ದಕ್ಕೆ ಹಣ ಸುರಿಯುತ್ತೀರಿ.

ಸ್ವಲ್ಪ ಲೆಕ್ಕ

ಗೇರುಗಳ ಸಂಖ್ಯೆ ಹೆಚ್ಚಿದಷ್ಟೂ ಗಾಡಿ ಗಟ್ಟಿಗ ಎಂದು ಭಾವಿಸುವುದು ಸರಿಯಲ್ಲ. ನಿಧಾನವಾಗಿ ತೆವಳುವ ಶಕ್ತಿ ಮೂರು ಅಂಕಿಗಳ ಗುಣಲಬ್ಧ. ಒಂದನೆಯ ಗೇರು, ಟ್ರಾನ್ಸ್‌ಫರ್ ಕೇಸಿನ ಲೋ, ಮತ್ತು ಆಕ್ಸಲಿನ ಅನುಪಾತಗಳನ್ನು ಗುಣಿಸಿ. ಯುದ್ಧಕಾಲದ ವಿಲ್ಲೀಸಿನಲ್ಲಿ ಇವು 2.665, 1.97 ಮತ್ತು 4.88. ಗುಣಿಸಿದರೆ ಸುಮಾರು 25.6. ಸಿಜೆ-2ಎಯಲ್ಲಿ 2.798, 2.46 ಮತ್ತು 5.38. ಗುಣಿಸಿದರೆ ಸುಮಾರು 37. ಅಂದರೆ ಗಾಲಿ ಒಂದು ಸುತ್ತು ತಿರುಗುವಷ್ಟರಲ್ಲಿ ಇಂಜಿನ್ 37 ಸುತ್ತು ತಿರುಗಿರುತ್ತದೆ. ಎರಡಕ್ಕೂ ಮೂರೇ ಗೇರು, ಒಂದನೆಯ ಗೇರಿನ ಅನುಪಾತವೂ ಹೆಚ್ಚುಕಡಿಮೆ ಒಂದೇ. ಆದರೂ ಇಳಿಜಾರಿನಲ್ಲಿ ಇಂಜಿನ್ ತಡೆದು ಹಿಡಿಯುವ ಬಲದಲ್ಲಿ ಇಷ್ಟು ಅಂತರ. ಗೇರ್‌ಬಾಕ್ಸನ್ನು ಹೋಲಿಸುವಾಗ ಅದರ ಹಿಂದಿರುವ ಎರಡನ್ನೂ ಸೇರಿಸಿಯೇ ಹೋಲಿಸಬೇಕು.

ಕೊಳ್ಳುವ ಮುನ್ನ

ಮಾರುವವರ ಅನುಮತಿ ಪಡೆದು ಗಾಡಿಯನ್ನು ಜನಸಂಚಾರವಿಲ್ಲದ ಒಂದು ಸಣ್ಣ ಇಳಿಜಾರಿಗೆ ಒಯ್ಯಿರಿ. ಎರಡನೆಯ ಗೇರಿನಲ್ಲಿ ಇಳಿಯುತ್ತ, ಕಾಲನ್ನು ಬ್ರೇಕಿನ ಮೇಲೆ ಸಿದ್ಧವಾಗಿಟ್ಟುಕೊಂಡು, ಆಕ್ಸಿಲರೇಟರನ್ನು ಪೂರ್ತಿ ಬಿಡಿ. ಕೋಲು ತಾನಾಗಿ ಹಾರಿ ನ್ಯೂಟ್ರಲಿಗೆ ಬಂದರೆ ಒಳಗೆ ಸವೆತವಿದೆ. ಹಳೆಯ ಟಿ-90ಗಳಲ್ಲಿ ಈ ಕಾಯಿಲೆ ಚಿರಪರಿಚಿತ. ಸಮತಟ್ಟಾದ ರಸ್ತೆಯಲ್ಲಿ ಅದು ಬರೀ ಕಿರಿಕಿರಿ. ಘಟ್ಟದಲ್ಲಾದರೆ ಗಾಡಿಗೆ ಇಂಜಿನ್ನಿನ ತಡೆಯೇ ತಪ್ಪಿಹೋಗುತ್ತದೆ. ಇಂಥ ಪೆಟ್ಟಿಗೆಯನ್ನು ದುರಸ್ತಿ ಮಾಡಿಸದೆ ಗುಡ್ಡದ ದಾರಿಗೆ ಇಳಿಸಕೂಡದು. ದುರಸ್ತಿಯ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತನಾಡಿ.

ಕೊನೆಯದಾಗಿ, ಮೂರು ಗೇರಿನ ಜೀಪನ್ನು ಕೊಂಡವರಿಗೆ ಒಂದು ಮಾತು. ಇಳಿಜಾರಿನ ನಡುವೆ ಒಂದನೆಯ ಗೇರಿಗೆ ಬದಲಿಸುತ್ತೇನೆಂದು ಹೊರಡಬೇಡಿ. ಆ ಗೇರು ಬೀಳದೆ ಹೋದರೆ ನ್ಯೂಟ್ರಲಿನಲ್ಲಿ ಉಳಿಯುತ್ತೀರಿ, ಗಾಡಿಯ ವೇಗ ಕ್ಷಣಕ್ಷಣಕ್ಕೂ ಏರುತ್ತದೆ. ಕಡಿದಾದ, ಸಡಿಲ ಮಣ್ಣಿನ ದಾರಿಯಾದರೆ ಇಳಿಯುವ ಮೊದಲೇ ಮೇಲುಗಡೆ ಗಾಡಿಯನ್ನು ಪೂರ್ತಿ ನಿಲ್ಲಿಸಿ. ಮುಂದಿನ ಗಾಲಿಗಳನ್ನು ಜೋಡಿಸಿ, ಲೋ ಹಾಕಿ, ಒಂದನೆಯ ಗೇರು ಬಿದ್ದಿದೆ ಎಂದು ಖಚಿತಪಡಿಸಿಕೊಂಡು, ಆಮೇಲೆ ಇಳಿಯಿರಿ. ನಡುವೆ ಕ್ಲಚ್ ಒತ್ತಬೇಡಿ. ಇದಕ್ಕೆ ಒಂದೆರಡು ನಿಮಿಷ ಹಿಡಿಯುತ್ತದೆ. ಹಿಂದಿನ ಸೀಟಿನಲ್ಲಿ ಕೂತವರು ಅವಸರ ಮಾಡಿದರೂ ಆ ಎರಡು ನಿಮಿಷವನ್ನು ಉಳಿಸಲು ಹೋಗಬೇಡಿ.