ಬೆಳ್ಳಿತೆರೆಯ ವ್ಯೋಮಯಾನ: ದಾರಿ ಬದಲಿಸಿದ ಚಿತ್ರಗಳು

ಚಲನಚಿತ್ರಗಳಲ್ಲಿ ಪೌರಾಣಿಕ, ಐತಿಹಾಸಿಕ, ಸಾಮಾಜಿಕ, ಪತ್ತೇದಾರಿ ಮುಂತಾಗಿ ಹಲವು ಪ್ರಕಾರಗಳಿವೆ. ಪ್ರತಿಯೊಂದು ಪ್ರಕಾರವೂ ತನ್ನದೇ ಜಾಡಿನಲ್ಲಿ ಸಾಗುತ್ತಿರುತ್ತದೆ. ಅಪರೂಪಕ್ಕೆ ಒಂದು ಚಿತ್ರ ಬಂದು ಆ ಜಾಡನ್ನೇ ಬೇರೆಡೆಗೆ ತಿರುಗಿಸುತ್ತದೆ. ಅನಂತರದ ನಿರ್ದೇಶಕರು ಅದನ್ನು ಅನುಸರಿಸಬಹುದು, ವಿರೋಧಿಸಬಹುದು, ಮರೆಯುವಂತಿಲ್ಲ. ವ್ಯೋಮಯಾನವನ್ನು ಕುರಿತ ಕಥಾಚಿತ್ರಗಳಲ್ಲಿಯೂ ಇಂಥ ಕೆಲವು ತಿರುವುಗಳಿವೆ.

ವಿಜ್ಞಾನ ಶಿಕ್ಷಕರಿಗೆ ಇದರಲ್ಲಿ ಏನು ಆಸಕ್ತಿ ಎಂದು ನೀವು ಕೇಳಬಹುದು. ವ್ಯೋಮವನ್ನು ಕುರಿತ ಪಾಠ ತರಗತಿಯಲ್ಲಿ ಆರಂಭವಾಗುವ ಮೊದಲೇ ವಿದ್ಯಾರ್ಥಿಗಳು ಅದನ್ನು ತೆರೆಯ ಮೇಲೆ ನೋಡಿರುತ್ತಾರೆ. ವ್ಯೋಮದಲ್ಲಿ ಸ್ಫೋಟದ ಸದ್ದು ಕೇಳುತ್ತದೆ, ಭೂಮಿಯ ವಾತಾವರಣ ದಾಟಿದೊಡನೆ ಗುರುತ್ವ ಮಾಯವಾಗುತ್ತದೆ ಎಂಬ ಕಲ್ಪನೆಗಳು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಆದರೂ ಅವು ಎಷ್ಟು ಗಟ್ಟಿಯಾಗಿ ಬೇರೂರಿರುತ್ತವೆ ಎಂಬುದು ಪಾಠ ಮಾಡುವವರಿಗೆಲ್ಲ ಗೊತ್ತು. ಆದ್ದರಿಂದ ಯಾವ ಚಿತ್ರ ಭೌತ ನಿಯಮಗಳನ್ನು ಹೇಗೆ ನಡೆಸಿಕೊಂಡಿತು ಎಂಬುದು ನಮಗೂ ಸಂಬಂಧಿಸಿದ ವಿಷಯ.

ಫಿರಂಗಿಯಿಂದ ರಾಕೆಟ್‌ಗೆ

1902ರಲ್ಲಿ ಫ್ರಾನ್ಸಿನ ಜಾರ್ಜ್ ಮೆಲಿಯೆಸ್ ಚಂದ್ರಯಾನದ ಕಿರುಚಿತ್ರವೊಂದನ್ನು ತೆಗೆದ. ಅದರಲ್ಲಿ ಯಾತ್ರಿಕರನ್ನು ಗುಂಡಿನೊಳಗೆ ಕೂರಿಸಿ ಭಾರಿ ಫಿರಂಗಿಯಿಂದ ಚಂದ್ರನತ್ತ ಹಾರಿಸುತ್ತಾರೆ. ಇದು ಸಾಧ್ಯವೇ? ಭೂಮಿಯ ವಿಮೋಚನಾ ವೇಗ ಸೆಕೆಂಡಿಗೆ ಸುಮಾರು 11.2 ಕಿಮೀ. ಫಿರಂಗಿಯ ನಳಿಕೆ 300 ಮೀಟರ್ ಉದ್ದವಿದೆ ಎಂದುಕೊಳ್ಳಿ. ಆ ದೂರದಲ್ಲೇ ಈ ವೇಗ ಗಳಿಸಬೇಕಾದರೆ ಬೇಕಾಗುವ ವೇಗೋತ್ಕರ್ಷ ಭೂ ಗುರುತ್ವದ ಸುಮಾರು 21,000 ಪಟ್ಟು! ಒಳಗಿದ್ದವರು ನಳಿಕೆ ದಾಟುವ ಮೊದಲೇ ಅಪ್ಪಚ್ಚಿಯಾಗುತ್ತಾರೆ. ಮೆಲಿಯೆಸ್ ಜಾದೂಗಾರ, ಅವನಿಗೆ ಬೇಕಾಗಿದ್ದುದು ಬೆರಗು, ಲೆಕ್ಕವಲ್ಲ.

1929ರಲ್ಲಿ ಜರ್ಮನಿಯ ಫ್ರಿಟ್ಸ್ ಲಾಂಗ್ 'ಫ್ರೌ ಇಮ್ ಮೋಂಡ್' (ಚಂದ್ರನಲ್ಲಿ ಮಹಿಳೆ) ಎಂಬ ಮೂಕಿ ಚಿತ್ರ ತಯಾರಿಸಿದಾಗ ಮೊದಲ ತಿರುವು ಬಂತು. ರಾಕೆಟ್ ವಿಜ್ಞಾನದ ಆದ್ಯರಲ್ಲೊಬ್ಬರಾದ ಹರ್ಮನ್ ಓಬರ್ತ್ ಅದಕ್ಕೆ ಸಲಹೆಗಾರರು. ಫಿರಂಗಿಯ ಜಾಗಕ್ಕೆ ಬಹುಹಂತದ ರಾಕೆಟ್ ಬಂತು. ವೇಗೋತ್ಕರ್ಷದ ಹೊರೆ ತಡೆಯಲು ಯಾತ್ರಿಕರು ಮಲಗಿರುತ್ತಾರೆ. ಉಡಾವಣೆಗೆ ಮುನ್ನ ಸೆಕೆಂಡುಗಳನ್ನು ಹಿಂದುಮುಂದಾಗಿ ಎಣಿಸುವ ಕ್ರಮವೂ ಈ ಚಿತ್ರದಲ್ಲಿತ್ತು. ಇಂದು ಶ್ರೀಹರಿಕೋಟಾದಿಂದ ಬರುವ ನೇರ ಪ್ರಸಾರದಲ್ಲಿ ನಾವು ಕೇಳುವುದೂ ಇಂಥದೇ ಎಣಿಕೆ. ಇಷ್ಟೆಲ್ಲ ಇದ್ದರೂ ಕಥೆಯ ಅನುಕೂಲಕ್ಕಾಗಿ ಲಾಂಗ್ ಚಂದ್ರನ ಮೇಲೆ ಉಸಿರಾಡಲು ಗಾಳಿ ಇಟ್ಟುಬಿಟ್ಟ. ನಿಯಮ ತೊಡಕಾದಲ್ಲಿ ಕೈಬಿಡುವುದು ಆಗಿನ ಪದ್ಧತಿ.

1950ರ ದಶಕದಲ್ಲಿ ಈ ಪ್ರಕಾರ ಬಹುಮಟ್ಟಿಗೆ ಹಾರುವ ತಟ್ಟೆಗಳು ಮತ್ತು ಅನ್ಯಲೋಕದ ರಾಕ್ಷಸರ ಪಾಲಾಯಿತು. ಅಮೆರಿಕದ 'ಡೆಸ್ಟಿನೇಷನ್ ಮೂನ್' (1950) ನಂಥವು ಕೆಲವೇ ಅಪವಾದಗಳು.

ಕೃತಕ ಗುರುತ್ವದ ಚಕ್ರ

1968ರ ಏಪ್ರಿಲ್‌ನಲ್ಲಿ '2001: ಎ ಸ್ಪೇಸ್ ಒಡಿಸ್ಸಿ' ತೆರೆ ಕಂಡಿತು. ಮಾನವ ಚಂದ್ರನ ಮೇಲೆ ಕಾಲಿಡಲು ಇನ್ನೂ ಹದಿನೈದು ತಿಂಗಳುಗಳಿದ್ದವು. ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್. ಚಿತ್ರಕಥೆಯಲ್ಲಿ ಜೊತೆಗಾರ, ವಿಜ್ಞಾನ ಲೇಖಕ ಆರ್ಥರ್ ಸಿ. ಕ್ಲಾರ್ಕ್. ಈ ಚಿತ್ರದಲ್ಲಿ ಭೌತ ನಿಯಮ ಕಥೆಗೆ ಅಡ್ಡಿಯಲ್ಲ, ದೃಶ್ಯಗಳು ಹುಟ್ಟುವುದೇ ಅದರಿಂದ. ಹೇಗೆಂದು ನೋಡೋಣ.

ಗುರುಗ್ರಹದತ್ತ ಹೊರಟ ನೌಕೆಯಲ್ಲಿ ಯಾತ್ರಿಗಳು ತಿಂಗಳುಗಟ್ಟಲೆ ಇರಬೇಕು. ಎಂಜಿನ್ ಆರಿಸಿ ಸಾಗುವ ನೌಕೆಯಲ್ಲಿ ಎಲ್ಲವೂ ತೂಕರಹಿತ. ಪರಿಹಾರವೇನು? ವಾಸದ ಕೋಣೆಯನ್ನೇ ಚಕ್ರದಂತೆ ತಿರುಗಿಸುವುದು. ಚಕ್ರದ ಒಳ ಅಂಚಿನಲ್ಲಿ ನಿಂತವನ ಕಾಲನ್ನು ನೆಲ ಕೇಂದ್ರದತ್ತ ಒತ್ತುತ್ತಿರುತ್ತದೆ. ಈ ಕೇಂದ್ರಾಭಿಗಾಮಿ ಬಲವೇ ಅವನಿಗೆ ತೂಕದಂತೆ ಭಾಸವಾಗುತ್ತದೆ. ಇದರ ವೇಗೋತ್ಕರ್ಷ ಕೋನವೇಗದ ವರ್ಗವನ್ನು ತ್ರಿಜ್ಯದಿಂದ ಗುಣಿಸಿದಷ್ಟು.

ಕುಬ್ರಿಕ್ ಇದಕ್ಕಾಗಿ ಇಂಗ್ಲೆಂಡಿನ ಸ್ಟುಡಿಯೊದಲ್ಲಿ ನಿಜವಾಗಿಯೂ ತಿರುಗುವ ಚಕ್ರವೊಂದನ್ನು ಕಟ್ಟಿಸಿದ. ವ್ಯಾಸ 38 ಅಡಿ, ಅಂದರೆ ಸುಮಾರು 11.6 ಮೀ. ತ್ರಿಜ್ಯ 5.8 ಮೀ. ಇಷ್ಟೇ ದೊಡ್ಡ ಚಕ್ರ ವ್ಯೋಮದಲ್ಲಿದ್ದರೆ ಎಷ್ಟು ವೇಗವಾಗಿ ತಿರುಗಬೇಕು? ಭೂಮಿಯಷ್ಟೇ ಗುರುತ್ವ ಬೇಕಾದರೆ 4.8 ಸೆಕೆಂಡಿಗೆ ಒಂದು ಸುತ್ತು. ಚಂದ್ರನಷ್ಟು ಸಾಕೆಂದರೆ ಸುಮಾರು 12 ಸೆಕೆಂಡಿಗೆ ಒಂದು ಸುತ್ತು.

ತೊಂದರೆ ಇನ್ನೊಂದಿದೆ. 1.7 ಮೀ. ಎತ್ತರದ ವ್ಯಕ್ತಿಯ ತಲೆ ಕೇಂದ್ರದಿಂದ 4.1 ಮೀ. ದೂರದಲ್ಲಿರುತ್ತದೆ. ಪಾದದಲ್ಲಿರುವ 'ಗುರುತ್ವ'ದ ಸುಮಾರು 70 ಶೇಕಡ ಮಾತ್ರ ತಲೆಯ ಬಳಿ! ತಲೆ ಆಡಿಸಿದಾಗ ಕೊರಿಯೊಲಿಸ್ ಪರಿಣಾಮದಿಂದ ತಲೆಸುತ್ತು ಬರಬಹುದು. ಚಕ್ರ ದೊಡ್ಡದಾದಷ್ಟೂ ಈ ಕಷ್ಟ ಕಡಿಮೆ. ತ್ರಿಜ್ಯ 150 ಮೀ. ಇದ್ದರೆ ನಿಮಿಷಕ್ಕೆ ಒಂದೇ ಸುತ್ತಿನಲ್ಲಿ ಚಂದ್ರನಷ್ಟು ಗುರುತ್ವ ದೊರೆಯುತ್ತದೆ.

ಕ್ಯಾಮೆರಾ ಎಲ್ಲಿತ್ತು?

ಚಿತ್ರದಲ್ಲಿ ಯಾತ್ರಿಯೊಬ್ಬ ಈ ಚಕ್ರದೊಳಗೆ ಓಡುತ್ತ ಪೂರ್ತಿ ಸುತ್ತು ಬರುತ್ತಾನೆ. ಸ್ಟುಡಿಯೊ ಇದ್ದುದು ಭೂಮಿಯ ಮೇಲೆ. ನಟ ಚಾವಣಿಗೆ ಹತ್ತಿದ್ದು ಹೇಗೆ? ಅವನು ಹತ್ತಲೇ ಇಲ್ಲ. ಚಕ್ರ ಅವನ ಕಾಲ ಕೆಳಗೆ ನಿಧಾನವಾಗಿ ತಿರುಗುತ್ತಿತ್ತು, ಅವನು ಸದಾ ತಳದಲ್ಲೇ ಹೆಜ್ಜೆ ಹಾಕುತ್ತಿದ್ದ. ಕ್ಯಾಮೆರಾವನ್ನು ಚಕ್ರಕ್ಕೆ ಬಿಗಿದರೆ ಅದು ಚಕ್ರದೊಂದಿಗೇ ತಿರುಗುತ್ತದೆ. ಆಗ ಚಕ್ರ ಸ್ಥಿರವಾಗಿದೆ, ನಟ ಗೋಡೆ ಹತ್ತುತ್ತಿದ್ದಾನೆ ಎಂದು ಕಾಣುತ್ತದೆ. ಕ್ಯಾಮೆರಾವನ್ನು ನಟನ ಬಳಿ ತಳದಲ್ಲೇ ನಿಲ್ಲಿಸಿದರೆ ಕೋಣೆ ಅವನತ್ತ ಇಳಿದುಬರುವಂತೆ ತೋರುತ್ತದೆ. ಚಲನೆ ಒಂದೇ, ಆಧಾರ ಚೌಕಟ್ಟು ಬೇರೆ. ಸಾಪೇಕ್ಷ ಚಲನೆಯನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಚಿತ್ರದ ಆರಂಭದ ಆದಿಮಾನವರ ದೃಶ್ಯಗಳ ಹಿಂದೆ ಬೆಳಕಿನ ಪಾಠವೊಂದಿದೆ. ಹಿನ್ನೆಲೆಯ ಆಫ್ರಿಕಾ ವಾಸ್ತವವಾಗಿ ಪರದೆಯ ಮೇಲೆ ಮುಂದಿನಿಂದ ಬಿಂಬಿಸಿದ ಛಾಯಾಚಿತ್ರ. ಪರದೆಗೆ ಹಚ್ಚಿದ್ದ ಸಾಮಗ್ರಿಯಲ್ಲಿ ಸೂಕ್ಷ್ಮ ಗಾಜಿನ ಮಣಿಗಳಿದ್ದವು. ಅವು ಬೆಳಕನ್ನು ಚದುರಿಸದೆ ಬಂದ ದಾರಿಯಲ್ಲೇ ಹಿಂದಿರುಗಿಸುತ್ತವೆ. ರಾತ್ರಿ ವಾಹನದ ದೀಪ ಬಿದ್ದಾಗ ಹೆದ್ದಾರಿಯ ಫಲಕ ಥಟ್ಟನೆ ಬೆಳಗುವುದು ಇದೇ ತತ್ತ್ವದಿಂದ. 45 ಡಿಗ್ರಿ ಓರೆಯಾಗಿಟ್ಟ ಅರೆ-ಪಾರಕ ಕನ್ನಡಿಯ ನೆರವಿನಿಂದ ಪ್ರಕ್ಷೇಪಕ ಮತ್ತು ಕ್ಯಾಮೆರಾಗಳ ಅಕ್ಷವನ್ನು ಒಂದೇ ಮಾಡಲಾಗಿತ್ತು. ಹೀಗಾಗಿ ನಟನ ನೆರಳು ಸರಿಯಾಗಿ ಅವನ ಹಿಂದೆಯೇ ಅಡಗುತ್ತದೆ. ನಟನ ಮೈಮೇಲೂ ಚಿತ್ರ ಬೀಳುತ್ತದಾದರೂ ಪರದೆಯ ಬೆಳಕಿನೆದುರು ಅದು ಕಾಣದಷ್ಟು ಮಂದ. ಒಂದು ದೃಶ್ಯದಲ್ಲಿ ಚಿರತೆಯ ಕಣ್ಣುಗಳು ಹೊಳೆಯುವುದನ್ನು ಗಮನಿಸಿ. ಅವೂ ಪರದೆಯ ಹಾಗೆಯೇ ಬೆಳಕನ್ನು ಹಿಂದಿರುಗಿಸಿದ್ದವು!

ಮೌನ, ಮತ್ತು ಕೆಲವು ಲೋಪಗಳು

ನಿರ್ವಾತದಲ್ಲಿ ಶಬ್ದ ಪ್ರಸಾರವಾಗದು. ಕುಬ್ರಿಕ್ ಇದನ್ನು ಪಾಲಿಸಿದ. ನೌಕೆಯ ಹೊರಗಿನ ದೃಶ್ಯಗಳಲ್ಲಿ ಎಂಜಿನ್ ಗರ್ಜನೆಯಿಲ್ಲ. ಸಂಗೀತವಿದೆ, ಇಲ್ಲವೇ ಯಾತ್ರಿಯ ಉಡುಪಿನೊಳಗಿನ ಉಸಿರಾಟದ ಸದ್ದು. ಯಾತ್ರಿಯೊಬ್ಬ ನೌಕೆಯಿಂದ ಬೇರ್ಪಟ್ಟು ದೂರ ಸರಿಯುವಾಗ ಪೂರ್ಣ ಮೌನ. ಆ ಮೌನವೇ ಭಯ ಹುಟ್ಟಿಸುತ್ತದೆ.

ಇಂಥ ಚಿತ್ರದಲ್ಲೂ ಲೋಪಗಳುಂಟು. ತೂಕರಹಿತ ಸ್ಥಿತಿಯಲ್ಲಿ ಯಾತ್ರಿ ಹೀರಿ ಬಿಟ್ಟ ದ್ರವ ಕೊಳವೆಯಲ್ಲಿ ಕೆಳಗಿಳಿಯುತ್ತದೆ: ಸ್ಟುಡಿಯೊದ ಗುರುತ್ವ ತನ್ನನ್ನು ತೋರಿಸಿಕೊಂಡಿತು! ನೌಕೆಯ ರಿಯಾಕ್ಟರಿನ ಉಷ್ಣವನ್ನು ನಿರ್ವಾತದಲ್ಲಿ ವಿಕಿರಣದಿಂದ ಮಾತ್ರ ಹೊರಹಾಕಬಹುದು, ಅದಕ್ಕೆ ವಿಶಾಲ ಫಲಕಗಳು ಬೇಕು. ಪ್ರೇಕ್ಷಕರು ಅವನ್ನು ರೆಕ್ಕೆಗಳೆಂದು ತಿಳಿದಾರೆಂದು ಕೈಬಿಡಲಾಯಿತು.

ಅನಂತರದ ತಿರುವುಗಳು

1977ರ 'ಸ್ಟಾರ್ ವಾರ್ಸ್' ಪ್ರಕಾರವನ್ನು ಮತ್ತೆ ಸಾಹಸಕಥೆಯತ್ತ ತಿರುಗಿಸಿತು. ಅದರ ನೌಕೆಗಳು ನಿರ್ವಾತದಲ್ಲಿ ವಿಮಾನಗಳಂತೆ ಓರೆಯಾಗಿ ಬಾಗುತ್ತವೆ, ಗುಂಡಿನ ಸದ್ದು ಮೊಳಗುತ್ತದೆ. ಭೌತವಿಜ್ಞಾನದ ದೃಷ್ಟಿಯಲ್ಲಿ ಇದು ಹಿನ್ನಡೆ. ತಂತ್ರದ ದೃಷ್ಟಿಯಲ್ಲಿ ಮುನ್ನಡೆ. ಒಂದೇ ಕ್ಯಾಮೆರಾ ಚಲನೆಯನ್ನು ಎಷ್ಟು ಬಾರಿ ಬೇಕಾದರೂ ಕರಾರುವಾಕ್ಕಾಗಿ ಪುನರಾವರ್ತಿಸುವ ವಿದ್ಯುನ್ಮಾನ ನಿಯಂತ್ರಣವನ್ನು ಜಾನ್ ಡೈಕ್‌ಸ್ಟ್ರಾ ತಂಡ ಈ ಚಿತ್ರಕ್ಕಾಗಿ ರೂಪಿಸಿತು. ಬೇರೆ ಬೇರೆಯಾಗಿ ಚಿತ್ರಿಸಿದ ಮಾದರಿ ನೌಕೆಗಳನ್ನು ಒಂದೇ ದೃಶ್ಯದಲ್ಲಿ ಹೊಂದಿಸುವುದು ಇದರಿಂದ ಸುಲಭವಾಯಿತು.

2014ರ 'ಇಂಟರ್‌ಸ್ಟೆಲರ್' ಮತ್ತೆ ಸಮೀಕರಣಗಳ ಕಡೆಗೆ ಮರಳಿತು. ಕೃಷ್ಣವಿವರದ ಬಳಿ ಬೆಳಕು ಬಾಗುವ ಬಗೆಯನ್ನು ಭೌತವಿಜ್ಞಾನಿ ಕಿಪ್ ಥಾರ್ನ್ ನೀಡಿದ ಸಮೀಕರಣಗಳಿಂದ ಲೆಕ್ಕ ಹಾಕಿ ಚಿತ್ರಿಸಲಾಯಿತು. ಆ ಕೆಲಸ 2015ರಲ್ಲಿ ಸಂಶೋಧನಾ ಪ್ರಬಂಧವಾಗಿಯೂ ಪ್ರಕಟವಾಯಿತು. ಆದರೆ ಸುತ್ತುವ ಅನಿಲ ತಟ್ಟೆಯಲ್ಲಿ ನಮ್ಮತ್ತ ಬರುವ ಭಾಗ ಹೆಚ್ಚು ಪ್ರಕಾಶವಾಗಿಯೂ ದೂರ ಸರಿಯುವ ಭಾಗ ಮಂದವಾಗಿಯೂ ಕಾಣಬೇಕಷ್ಟೆ. ಪ್ರೇಕ್ಷಕರಿಗೆ ಗೊಂದಲವಾಗದಿರಲಿ ಎಂದು ಈ ವ್ಯತ್ಯಾಸವನ್ನು ಚಿತ್ರದಲ್ಲಿ ಅಳಿಸಲಾಯಿತು. 2019ರ ಏಪ್ರಿಲ್‌ನಲ್ಲಿ ಎಂ87 ಗೆಲಾಕ್ಸಿಯ ಕೃಷ್ಣವಿವರದ ಬಿಂಬ ಪ್ರಕಟವಾದಾಗ ಅದರ ಉಂಗುರದ ಒಂದು ಬದಿ ಸ್ಪಷ್ಟವಾಗಿ ಹೆಚ್ಚು ಬೆಳಗಿತ್ತು.

ತರಗತಿಯಲ್ಲಿ ಏನು ಮಾಡಬಹುದು?

ಸಿನಿಮಾ ತಪ್ಪು ಕಲಿಸುತ್ತದೆ ಎಂದು ದೂರುವುದಕ್ಕಿಂತ ಅದನ್ನೇ ಪ್ರಶ್ನೆಪತ್ರಿಕೆ ಮಾಡಿಕೊಳ್ಳುವುದು ಲೇಸು. ಹತ್ತು ನಿಮಿಷದ ದೃಶ್ಯವೊಂದನ್ನು ತೋರಿಸಿ, ಪಾಲಿಸಿದ ನಿಯಮಗಳನ್ನೂ ಮುರಿದ ನಿಯಮಗಳನ್ನೂ ವಿದ್ಯಾರ್ಥಿಗಳಿಂದ ಪಟ್ಟಿ ಮಾಡಿಸಿ. ಸಂಖ್ಯೆಗಳಿರುವೆಡೆ ಲೆಕ್ಕ ಮಾಡಿಸಿ. ಮೊದಲ ಅಭ್ಯಾಸವಾಗಿ ಇದನ್ನು ಕೊಡಬಹುದು: 400 ಕಿಮೀ ಎತ್ತರದಲ್ಲಿ ಗುರುತ್ವ ವೇಗೋತ್ಕರ್ಷ ಎಷ್ಟು? ಉತ್ತರ ಸುಮಾರು 8.7 ಮೀ./ಸೆ.², ಅಂದರೆ ನೆಲದ ಮೇಲಿನದರ 89 ಶೇಕಡ. ಹಾಗಿದ್ದರೆ ಅಂತರರಾಷ್ಟ್ರೀಯ ವ್ಯೋಮ ನಿಲ್ದಾಣದಲ್ಲಿ ಯಾತ್ರಿಗಳು ತೇಲುವುದೇಕೆ? ನಿಲ್ದಾಣವೂ ಅವರೂ ಒಟ್ಟಿಗೇ ಭೂಮಿಯತ್ತ ಸತತವಾಗಿ ಬೀಳುತ್ತಿರುವುದರಿಂದ ಎಂಬ ಉತ್ತರವನ್ನು ವಿದ್ಯಾರ್ಥಿಗಳು ತಾವೇ ತಲುಪುವವರೆಗೆ ಕಾಯಿರಿ.