ಗಾಯಕರ ಗಂಟಲೋ, ಸಭಾಗೃಹದ ಗೋಡೆಯೋ?

ಲಕಮನಹಳ್ಳಿಯಲ್ಲಿ ಬಸ್ ಹತ್ತಿ ಹುಬ್ಬಳ್ಳಿಗೋ ಧಾರವಾಡ ಪೇಟೆಗೋ ಹೋಗಿ ಸಂಗೀತ ಕೇಳಿ ಬರುವ ರಸಿಕರು ತಿರುಗಿ ಬರುವ ಬಸ್ಸಿನಲ್ಲೇ ತೀರ್ಪು ಕೊಟ್ಟುಬಿಡುತ್ತಾರೆ. "ಇವತ್ತ ದನಿ ಏಳಲಿಲ್ಲ ಬಿಡ್ರಿ!" ತಪ್ಪೆಲ್ಲ ಗಾಯಕರದು, ಇಲ್ಲವೇ ಪಾಪ ಮೈಕಿನವನದು. ಗೋಡೆಯ ಹೆಸರು ಯಾರೂ ಎತ್ತುವುದಿಲ್ಲ.

ಹಾಡಿದ ದನಿ ಕಿವಿಗೆ ನೇರವಾಗಿ ಬರುವುದು ಒಂದೇ ಸಲ. ಆಮೇಲೆ ಬರುವುದೆಲ್ಲ ಗೋಡೆ, ಸೂರು, ನೆಲಕ್ಕೆ ಬಡಿದದ್ದು. ಅದು ಬೇಗ ಬಂದರೆ ದನಿ ತುಂಬಿಕೊಳ್ಳುತ್ತದೆ. ತಡವಾದರೆ ಹಿಂದಿನ ಸ್ವರ ಮುಂದಿನದರ ಮೇಲೆ ಬಿದ್ದು ತಾನು ಕಲಸಿಹೋಗುತ್ತದೆ. ಪರಸಿ ನೆಲ, ಬರಿಗೋಡೆ, ತಗಡಿನ ಸೂರಿನ ಮಂಗಲ ಕಾರ್ಯಾಲಯದಲ್ಲಿ ಸಂಗೀತ ಇಟ್ಟರೆ ಆಗುವುದು ಇದೇ. ಅಲ್ಲಿ ಮೈಕಿನ ದನಿ ಏರಿಸಿದಷ್ಟೂ ಗದ್ದಲ ಹೆಚ್ಚು.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1895ರಲ್ಲಿ ಹೊಸ ಉಪನ್ಯಾಸ ಕೋಣೆಯೊಂದರಲ್ಲಿ ಮಾತೇ ತಿಳಿಯದಾಯಿತು. ಆಡಿದ್ದು ಐದೂವರೆ ಸೆಕೆಂಡು ಗುಂಯ್ ಎನ್ನುತ್ತಿತ್ತು. ವ್ಯಾಲೇಸ್ ಸಾಬಿನ್ ಎಂಬ ಯುವ ಅಧ್ಯಾಪಕರು ಪಕ್ಕದ ನಾಟಕಶಾಲೆಯ ಮೆತ್ತೆಗಳನ್ನು ರಾತ್ರಿ ಹೊರಿಸಿ ತಂದು ಹಾಸಿ, ಗಡಿಯಾರ ಹಿಡಿದು ದನಿ ಅಡಗುವ ಹೊತ್ತು ಅಳೆದರು. ಅಳತೆಯ ಯಂತ್ರ ಅವರ ಕಿವಿಯೇ! ಮೆತ್ತೆ ಹೆಚ್ಚಿದಂತೆ ಗುಂಯ್‌ಗುಡುವುದು ತಗ್ಗಿತು. ಕೂತ ಜನರೂ ಮೆತ್ತೆಯಂತೆ ದನಿ ಹೀರುತ್ತಾರೆ ಎಂಬುದನ್ನೂ ಅವರು ಲೆಕ್ಕ ಹಾಕಿದರು. ಅವರ ಸಲಹೆಯಂತೆ 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್ ಇಂದಿಗೂ ಜಗತ್ತಿನ ಉತ್ತಮ ಸಭಾಗೃಹಗಳಲ್ಲೊಂದು.

ಹಾಗಂತ ಎಲ್ಲರ ಕಿವಿಯೂ ಒಂದೇ ಅಲ್ಲ. ಫಿನ್ಲೆಂಡಿನ ಸಂಶೋಧಕರು ಬೇರೆ ಬೇರೆ ಸಭಾಗೃಹಗಳ ದನಿಯನ್ನು ಒಂದೇ ಕೋಣೆಯಲ್ಲಿ ಕೇಳಿಸಿದಾಗ ಕೇಳುಗರು ಎರಡು ಪಂಗಡವಾದರು. ಕೆಲವರಿಗೆ ಸ್ವರ ಬಿಡಿಬಿಡಿಯಾಗಿ ಬೇಕು. ಕೆಲವರಿಗೆ ಮೈತುಂಬ ಸುತ್ತಿಕೊಳ್ಳುವ ದನಿ ಬೇಕು. ಚೀಜಿನ ಮಾತು, ತಾನಿನ ದಾಣೆದಾಣೆ ಕೇಳಬೇಕೆನ್ನುವ ನಮ್ಮ ಕಡೆಯ ಹಳೇ ರಸಿಕರು ಮೊದಲಿನ ಪಂಗಡದವರೇ ಸೈ. ಸವಾಯಿ ಗಂಧರ್ವರ ಸ್ಮರಣೆಗೆ ಕುಂದಗೋಳದ ನಾಡಿಗೇರ ವಾಡೆಯಲ್ಲಿ ನಡೆದ ಅಹೋರಾತ್ರಿ ಸಂಗೀತಕ್ಕೆ ಜನ ಹೆಗಲಿಗೆ ಹೆಗಲು ತಾಗಿಸಿ ನೆಲದಲ್ಲೇ ಕೂತರು. ಗಾಯಕರ ಉಸಿರೂ ಕೇಳುವಷ್ಟು ಹತ್ತಿರ.

ಸಭಾಗೃಹ ಪರೀಕ್ಷಿಸಬೇಕೇ? ಕೊನೆಯ ಸಾಲಿನಲ್ಲಿ ಕೂತುಕೊಳ್ಳಿ. ಗಾಯಕರು ತಡೆದಾಗ ತಂಬೂರಿ ಕೇಳುತ್ತದೆಯೇ? ತಬಲಾ, ಡಗ್ಗಾ ಬೇರೆಬೇರೆ ಕೇಳುತ್ತವೆಯೇ? ಆದರೆ ಖಾಲಿ ಸಭಾಗೃಹ ಮೋಸ ಮಾಡುತ್ತದೆ. ಸಂಜೆ ಐದಕ್ಕೆ ಮೈಕಿನವನು ಹೊಂದಿಸಿಟ್ಟ ದನಿ ಏಳಕ್ಕೆ ಜನ ತುಂಬಿದ ಮೇಲೆ ಹಾಗೇ ಇರುವುದಿಲ್ಲ. ಎರಡನೇ ರಾಗದವರೆಗಾದರೂ ಕಾಯ್ರಿ.