ಮಸ್ಕಿಯ ಪಡಿಯಚ್ಚು ತರಗತಿಗೆ ಬಂದಾಗ

ಬಳಗಾನೂರಿನ ಶಾಲೆಯ ಮಗುವಿಗೆ ಅಶೋಕ ದೂರದ ಪಾಟಲಿಪುತ್ರದ ದೊರೆಯಷ್ಟೇ ಅಲ್ಲ, ನೆರೆಯೂರಿನ ಬಂಡೆಯ ಮೇಲೆ ಹೆಸರು ಉಳಿದಿರುವವನು. ಆದರೂ ಪರೀಕ್ಷೆಗಾಗಿ ಅದು ಕಲಿಯುವುದು ಒಂದೇ ವಾಕ್ಯ: ಮಸ್ಕಿ ಶಾಸನದಿಂದ ‘ದೇವಾನಾಂಪ್ರಿಯ’ ಅಶೋಕನೇ ಎಂದು ಗೊತ್ತಾಯಿತು. ಈ ಮಾತು ಅರ್ಧ ಸತ್ಯ. ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದ್ದು 1837ರಲ್ಲಿ. ಸಿಂಹಳದಲ್ಲಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್ ಅಲ್ಲಿನ ಪಾಲಿ ಗ್ರಂಥ ದೀಪವಂಶದ ಆಧಾರದಿಂದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ನ ಇನ್ನೊಂದು ಹೆಸರಾದ ಪಿಯದಸಿ ಎಂದರೆ ಅಶೋಕನೇ ಎಂದು ಹೇಳಿದ್ದೂ ಅದೇ ವರ್ಷ. ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯ ಬಂಡೆಯನ್ನು ಕಂಡಿದ್ದು 1915ರಲ್ಲಿ, ಅಂದರೆ 78 ವರ್ಷಗಳ ಬಳಿಕ. ಹಾಗಾದರೆ ಮಸ್ಕಿಯ ಹಿರಿಮೆ ಎಲ್ಲಿದೆ? ದ್ವೀಪವೊಂದರ ಗ್ರಂಥವನ್ನು ನಂಬಿ ಮಾಡಿದ ಊಹೆಗೆ, ಆ ಗ್ರಂಥದ ಸುಳಿವೇ ಇಲ್ಲದ ಕಲ್ಲೊಂದು ಸಾಕ್ಷಿ ನುಡಿಯಿತು. ವಿಜ್ಞಾನದಲ್ಲಿ ಊಹೆಯನ್ನು ಬೇರೊಂದು ಸ್ವತಂತ್ರ ಪುರಾವೆಯಿಂದ ಒರೆಗೆ ಹಚ್ಚುವುದು ಹೀಗೆಯೇ. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲೂ, ಸಿಂಧನೂರಿನಿಂದ ತುಂಗಭದ್ರೆ ದಾಟಿದರೆ ಸಿಗುವ ಸಿರುಗುಪ್ಪ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲೂ ಅದೇ ಹೆಸರು ಸಿಕ್ಕಿತು. ಪಠ್ಯದ ಒಂದು ಸಾಲಿನೊಳಗೆ ಈ ಹುಡುಕಾಟವೆಲ್ಲ ಮುಚ್ಚಿಹೋಗಿದೆ. ಮಕ್ಕಳಿಗೆ ಕಲಿಸಬೇಕಾದದ್ದು ಆ ಹುಡುಕಾಟವನ್ನೇ ಎಂಬುದು ನನ್ನ ವಾದ.

ಹಿಂದೆ ಇದು ಕಷ್ಟವಿತ್ತು, ಈಗ ಇಲ್ಲ. ಎಚ್. ಕೃಷ್ಣಶಾಸ್ತ್ರಿಗಳು ಈ ಶಾಸನವನ್ನು ಓದಿ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಸಂಚಿಕೆಯಾಗಿ ಪ್ರಕಟಿಸಿದರು. ಹುಲ್ಟ್ಸ್ ಅಶೋಕನ ಶಾಸನಗಳ ಸಂಪುಟವನ್ನು 1925ರಲ್ಲಿ ಹೊರತಂದರು. ಇಂಥ ಹಳೆಯ ಪುಸ್ತಕಗಳು ಈಗ ಇಂಟರ್ನೆಟ್ ಆರ್ಕೈವ್‌ನಂಥ ಜಾಲತಾಣಗಳಲ್ಲಿ ಪುಟಪುಟವಾಗಿ, ಉಚಿತವಾಗಿ ಸಿಗುತ್ತವೆ. ಶಾಸನದ ಪಡಿಯಚ್ಚಿನ ಚಿತ್ರವನ್ನು ತರಗತಿಯಲ್ಲಿ ತೋರಿಸಿದರೆ ಮಕ್ಕಳ ಕಣ್ಣಿಗೆ ಮೊದಲು ಬೀಳುವುದು ಅಕ್ಷರವಲ್ಲ, ಅಕ್ಷರ ಅಳಿದುಹೋದ ಜಾಗ. ಇರುವುದು ಎಂಟೇ ಸಾಲು, ಅದರಲ್ಲೂ ಕಲ್ಲು ಹಲವೆಡೆ ಚಕ್ಕೆ ಎದ್ದಿದೆ. ಉಳಿದುದರಲ್ಲಿ ಕೂಡಿಸುವ ಚಿಹ್ನೆಯಂತಿರುವ ‘ಕ’ವನ್ನು ಹುಡುಕಲು ಹೇಳಿ, ‘ಅಸೋಕಸ’ ಎಂಬಲ್ಲಿ ಅದು ಸಿಗುತ್ತದೆ. ಕಳೆದುಹೋದ ಅಕ್ಷರಗಳನ್ನು ವಿದ್ವಾಂಸರು ಕಂಸದೊಳಗೆ ತುಂಬಿದ್ದನ್ನೂ ತೋರಿಸಿ. ಕಲ್ಲು ಹೇಳಿದ್ದೆಷ್ಟು, ಓದಿದವರು ಸೇರಿಸಿದ್ದೆಷ್ಟು ಎಂಬ ಗೆರೆ ಆ ಕಂಸಗಳಲ್ಲೇ ಇದೆ.

ಎಂಟನೆಯ ತರಗತಿಯವರಿಗೆ ಈ ಶಾಸನದ ಪ್ರಾಕೃತವೇಕೆ, ಪಠ್ಯ ಮುಗಿಸುವುದು ಯಾವಾಗ ಎಂದು ಶಿಕ್ಷಕರು ಕೇಳುವುದು ನ್ಯಾಯವೇ. ಇಡೀ ಪಠ್ಯವನ್ನು ಹೀಗೆ ಕಲಿಸಲಾಗದು, ಕಲಿಸಲೂಬಾರದು. ವರ್ಷಕ್ಕೆ ಎರಡು ಪಾಠ ಸಾಕು, ಭಾಷೆ ಬರಬೇಕೆಂದಿಲ್ಲ. ನೆಟ್‌ವರ್ಕ್ ಸಿಗದ ಊರಲ್ಲೂ ಶಿಕ್ಷಕರೊಬ್ಬರು ಇಳಿಸಿಕೊಂಡು ತಂದ ನಾಲ್ಕು ಹಾಳೆಯ ಜೆರಾಕ್ಸ್ ಕೆಲಸ ನಡೆಸುತ್ತದೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಮೂಲ ಆಕರವೂ ಸುಳ್ಳು ಹೇಳಬಹುದಲ್ಲ? ಖಂಡಿತ ಹೇಳಬಹುದು, ಅದಕ್ಕೂ ಮಸ್ಕಿಯಲ್ಲೇ ಪಾಠವಿದೆ. ಮುಶಂಗಿಯ ಕಾಳಗದಲ್ಲಿ ಚಾಲುಕ್ಯ ದೊರೆ ಜಯಸಿಂಹ ಬೆನ್ನು ತೋರಿಸಿ ಓಡಿದನೆಂದು ರಾಜೇಂದ್ರ ಚೋಳನ ತಮಿಳು ಶಾಸನಗಳು ಸಾರುತ್ತವೆ. ಮಸ್ಕಿಯಲ್ಲಿ ದೊರೆತ ಚಾಲುಕ್ಯ ಜಯಸಿಂಹನ ಕಾಲದ ಕನ್ನಡ ಶಾಸನಗಳಾದರೋ ಈ ಊರನ್ನು ಪಿರಿಯ ಮೊಸಂಗಿ ಎಂಬ ರಾಜಧಾನಿಯೆಂದು ಕರೆಯುತ್ತವೆ. ಚೋಳರ ಮುಶಂಗಿ ಈ ಮಸ್ಕಿಯೇ ಎಂಬುದೂ ಸರ್ವಸಮ್ಮತವಲ್ಲ, ಅದನ್ನು ಉಚ್ಚಂಗಿದುರ್ಗವೆಂದವರೂ ಇದ್ದಾರೆ. ಕೆತ್ತಿಸಿದವರು ಯಾರು, ಯಾರ ಕಿವಿಗೆ ಬೀಳಲೆಂದು ಕೆತ್ತಿಸಿದರು ಎಂದು ಕೇಳದೆ ಇವೆರಡನ್ನೂ ಓದಲಾಗದು. ಒಂದೇ ಆಕರವನ್ನು ಕೊಟ್ಟರೆ ಮಗು ಅದನ್ನು ಪಠ್ಯದಂತೆಯೇ ನಂಬುತ್ತದೆ. ಎರಡನ್ನು ಎದುರುಬದುರು ಇಟ್ಟರೆ ಪ್ರಶ್ನೆ ತಾನಾಗಿ ಏಳುತ್ತದೆ.

ಜಾಲದ ಭಂಡಾರವನ್ನೂ ಹೀಗೆಯೇ ಅನುಮಾನದಿಂದ ನೋಡಬೇಕು. ಸ್ಕ್ಯಾನ್ ಆದ ಪುಟದ ಅಕ್ಷರಗಳನ್ನು ಯಂತ್ರ ಓದುವಾಗ ಇಸವಿಗಳು ತಪ್ಪುವುದುಂಟು, ಪುಟದ ಚಿತ್ರದೊಂದಿಗೆ ಹೋಲಿಸಿದರೆ ತಪ್ಪು ಬಯಲಾಗುತ್ತದೆ. ಆದರೆ ಭಂಡಾರದಲ್ಲಿ ಇಲ್ಲದ್ದನ್ನು ಹೀಗೆ ಹಿಡಿಯಲಾಗದು. ಬಿ.ಎಲ್. ರೈಸ್ ಕೈಗೊಂಡ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಹಳೆಯ ಮೈಸೂರಿನ ಸಣ್ಣ ಹಳ್ಳಿಯ ಶಾಸನವೂ ಸಿಗುತ್ತದೆ. ಬಳಗಾನೂರು, ಲಿಂಗಸುಗೂರುಗಳ ಹೆಸರು ಹುಡುಕಿದರೆ ಅಲ್ಲಿ ನಿರಾಶೆಯೇ ಗತಿ. ಇಲ್ಲಿ ಶಾಸನಗಳು ಇರಲಿಲ್ಲವೆಂದಲ್ಲ. ರೈಸ್ ಕೆಲಸ ಮಾಡಿದ್ದು ಮೈಸೂರು ಸಂಸ್ಥಾನ ಮತ್ತು ಕೊಡಗಿಗಾಗಿ. ರಾಯಚೂರು ಆಗ ನಿಜಾಮರ ಸೀಮೆ, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಹುಡುಕಿದರೂ ತನ್ನೂರು ಸಿಗದ ಹುಡುಗಿಗೆ ಅವಳ ಶಿಕ್ಷಕರು ಆ ಎರಡು ಆಡಳಿತಗಳ ನಕ್ಷೆಯನ್ನು ಪಕ್ಕಪಕ್ಕದಲ್ಲಿ ಬರೆದು ತೋರಿಸಬಹುದು. ಅವಳ ಊರು ಸಂಪುಟದಿಂದ ಹೊರಗುಳಿದದ್ದು ಆ ಗಡಿಗೆರೆಯಿಂದ.